ವಾಯಿದೆ ತಪ್ಪಿದ ಮೇಲೆ

ಬೇಲೂರಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಶಾಸನಗಳ ಸಹವಾಸ ತಪ್ಪಿದ್ದಲ್ಲ. ಆದರೆ ಕಲ್ಲಿನ ಮೇಲಣ ಶಾಸನಗಳನ್ನು ಓದಿಕೊಂಡು ನೆಮ್ಮದಿಯಾಗಿದ್ದ ನನ್ನ ಮನೆಯ ಬಾಗಿಲಿಗೆ ಒಂದು ದಿನ ಕಾಗದದ ಶಾಸನವೊಂದು ಬಂದಾಗ, ಅದನ್ನು ಅರ್ಥಮಾಡಿಕೊಳ್ಳಲು ನನ್ನ ಎಂ.ಎ. ಪದವಿ ಸಾಲದಾಯಿತು. ಅದು ನಮ್ಮ ಸೀಮೆಯ ನ್ಯಾಯಾಲಯವೊಂದರ ಮೊಹರನ್ನು ಹೊತ್ತ ನೋಟೀಸು. ನಾನು ಜಾಮೀನು ನಿಂತಿದ್ದ ಆಪಾದಿತನು ಗೊತ್ತಾದ ವಾಯಿದೆಗಳಿಗೆ ಹಾಜರಾಗಿಲ್ಲ. ಅವನ ಮೇಲೆ ಜಾಮೀನುರಹಿತ ವಾರಂಟು ಹೊರಟಿದೆ. ನಾನು ಬರೆದುಕೊಟ್ಟ ಮುಚ್ಚಳಿಕೆಯ ಹಣವನ್ನು ನನ್ನಿಂದ ಏಕೆ ವಸೂಲು ಮಾಡಬಾರದೆಂಬುದಕ್ಕೆ ಕಾರಣ ತೋರಿಸತಕ್ಕದ್ದು - ಇದು ಅದರ ತಾತ್ಪರ್ಯ.

ಆಪಾದಿತನು ನನ್ನ ಹಳೆಯ ವಿದ್ಯಾರ್ಥಿ. ಓದಿನಲ್ಲಿ ಅಷ್ಟಕ್ಕಷ್ಟೆ, ಆದರೆ ಕುಮಾರವ್ಯಾಸನನ್ನು ಗಮಕಿಗಳಂತೆ ಓದಬಲ್ಲ ಕಂಠವಿತ್ತು. ಪದವಿ ಮುಗಿಸಿ ಕೆಲಸ ಸಿಕ್ಕದೆ ಸರಕು ಸಾಗಿಸುವ ಆಟೋ ಕೊಂಡನು. ಒಂದು ಸಂಜೆ ಅದು ದಾರಿಹೋಕರೊಬ್ಬರಿಗೆ ತಾಗಿತು. ಅವರು ಗಾಯಗೊಂಡು ಚೇತರಿಸಿಕೊಂಡರು; ಮೊಕದ್ದಮೆ ಮಾತ್ರ ಉಳಿಯಿತು. ಅಂದು ಅವನ ತಾಯಿ ನಮ್ಮ ಮನೆಗೆ ಬಂದು, "ಮೇಷ್ಟ್ರೇ, ನೀವೊಂದು ಸಹಿ ಹಾಕಿದರೆ ಮಗ ಮನೆಗೆ ಬರುತ್ತಾನೆ" ಎಂದರು. ಹಾಕಿದೆ. ಸಹಿ ಹಾಕುವಾಗ ನಾನು ಆ ಮುಚ್ಚಳಿಕೆಯನ್ನು ಪೂರ್ತಿಯಾಗಿ ಓದಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಪದ್ಯದ ಪ್ರತಿಯೊಂದು ಪದವನ್ನೂ ಬಿಡಿಸಿ ಓದಬೇಕೆಂದು ಮೂವತ್ತು ಮಕ್ಕಳಿಗೆ ನಿತ್ಯವೂ ಹೇಳುವವನು ತನ್ನ ಹೆಸರಿನಲ್ಲಿದ್ದ ಕಾಗದವನ್ನೇ ಓದಿರಲಿಲ್ಲ.

ನೋಟೀಸು ಬಂದ ಮೇಲೆ ಓದಿದೆ; ವಕೀಲ ಮಿತ್ರರೊಬ್ಬರನ್ನು ಕೇಳಿದೆ. ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿಷ್ಟೆ: ನಮ್ಮ ತಾಲ್ಲೂಕಿನಂಥ ಕಡೆಗಳಲ್ಲಿ ವಾರಂಟೆಂಬುದು ಅಪರೂಪದ ಸಂಗತಿಯಲ್ಲ, ಅದರ ತಿಳಿವಳಿಕೆ ಮಾತ್ರ ಅಪರೂಪ.

ಮೊದಲು ಮಾತುಗಳನ್ನೇ ನೋಡೋಣ. ಅದು ನನಗೆ ಗೊತ್ತಿರುವ ಕಸುಬು. ಸಮನ್ಸು, ವಾರಂಟು ಎಂಬುವು ಇಂಗ್ಲಿಷಿನಿಂದ ಬಂದುವು. ಜಾಮೀನು ಅರಬ್ಬೀ ಮೂಲದ್ದು. ಹೊಣೆಗಾರನೆಂಬುದು ಅದರ ಅರ್ಥ. ಆ ಅರ್ಥಕ್ಕೆ ನಮ್ಮದೇ ಆದ ಮಾತು 'ಹೊಣೆ'. ಹಳಗನ್ನಡದಲ್ಲಿ ಅದು 'ಪೊಣೆ'. ಇನ್ನು ವಾಯಿದೆ. ಕೋರ್ಟಿನ ಅಂಗಳದಲ್ಲಿ ದಿನಕ್ಕೆ ನೂರು ಸಲ ಕೇಳಿಬರುವ ಈ ಮಾತನ್ನು ನಾವು 'ಗೊತ್ತುಪಡಿಸಿದ ದಿನ' ಎಂಬರ್ಥದಲ್ಲಿ ಬಳಸುತ್ತೇವೆ. ಅದೂ ಅರಬ್ಬಿಯಿಂದ ಬಂದುದೇ. ಅದರ ಮೂಲಾರ್ಥ ದಿನವಲ್ಲ, 'ಕೊಟ್ಟ ಮಾತು'. ವಾಯಿದೆ ತಪ್ಪುವುದೆಂದರೆ ತಾರೀಖು ತಪ್ಪುವುದಷ್ಟೇ ಅಲ್ಲ, ಮಾತು ತಪ್ಪುವುದು. ವಾರಂಟಿನ ತಿರುಳೆಲ್ಲವೂ ಈ ಒಂದು ಪದದಲ್ಲಿದೆಯೆಂದು ನನಗೆ ತೋರಿತು.

ಜಾಮೀನಿನ ಮೇಲೆ ಹೊರಗಿರುವವನು ಬಿಡುಗಡೆಯಾದವನಲ್ಲ. ಬರುತ್ತೇನೆಂದು ಮಾತು ಕೊಟ್ಟು ಹೊರಗೆ ಬಂದವನು. ಗೊತ್ತಾದ ದಿನ ಅವನ ಹೆಸರನ್ನು ಕೂಗುತ್ತಾರೆ. ಅವನೂ ಇಲ್ಲ, ಅವನ ಪರವಾಗಿ ಅರ್ಜಿಯೂ ಇಲ್ಲ ಎಂದಾದರೆ ನ್ಯಾಯಾಧೀಶರು ಅವನನ್ನು ಕರೆತರುವಂತೆ ಆಜ್ಞೆಮಾಡುತ್ತಾರೆ. ಪೋಲೀಸರ ಕೋರಿಕೆಯಿಂದಲ್ಲ, ನ್ಯಾಯಪೀಠದಿಂದಲೇ ಹೊರಡುವ ಇಂಥ ಆಜ್ಞೆಯನ್ನು ಅಮೆರಿಕೆಯಲ್ಲಿ 'ಬೆಂಚ್ ವಾರಂಟು' ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಎರಡು ಮೆಟ್ಟಿಲುಗಳಿವೆ. ಜಾಮೀನುಸಹಿತ ವಾರಂಟಾದರೆ, ಅದರಲ್ಲಿ ಬರೆದಿರುವ ಮೊತ್ತಕ್ಕೆ ಮುಚ್ಚಳಿಕೆಯನ್ನೂ ಹೊಣೆಗಾರರನ್ನೂ ಒದಗಿಸಿದವನನ್ನು ಪೋಲೀಸಿನವರೇ ಬಿಡಬಹುದು. ಅವನು ಗೊತ್ತಾದ ದಿನ ಕೋರ್ಟಿಗೆ ಬರತಕ್ಕದ್ದು. ಜಾಮೀನುರಹಿತ ವಾರಂಟಾದರೆ ಬಿಡುವ ಅಧಿಕಾರ ಠಾಣೆಗಿಲ್ಲ; ಹಿಡಿದವನನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಬೇಕು. ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಇದು ನಡೆಯಬೇಕು. ವಾರಂಟಿನ ಸಾರಾಂಶವನ್ನು ಹಿಡಿಯಲ್ಪಟ್ಟವನಿಗೆ ತಿಳಿಸಬೇಕು. ಅವನು ಕೇಳಿದರೆ ವಾರಂಟನ್ನೇ ತೋರಿಸಬೇಕು.

1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ; ವಾರಂಟಿನ ಮಟ್ಟಿಗೆ ತತ್ತ್ವವೇನೂ ಬದಲಾಗಿಲ್ಲ. ಹಳೆಯ ಸಂಹಿತೆಯ 70ನೆಯ ಕಲಮು ಹೇಳುತ್ತಿದ್ದುದನ್ನೇ ಹೊಸದರ 72ನೆಯದು ಹೇಳುತ್ತದೆ: ವಾರಂಟು ಲಿಖಿತವಾಗಿರಬೇಕು, ನ್ಯಾಯಾಧೀಶರ ಸಹಿಯೂ ನ್ಯಾಯಾಲಯದ ಮೊಹರೂ ಅದರ ಮೇಲಿರಬೇಕು, ಅದು ಜಾರಿಯಾಗುವವರೆಗೆ, ಇಲ್ಲವೆ ಹೊರಡಿಸಿದ ನ್ಯಾಯಾಲಯವೇ ರದ್ದುಪಡಿಸುವವರೆಗೆ ಊರ್ಜಿತವಾಗಿರುತ್ತದೆ.

ಈ ಕೊನೆಯ ಮಾತನ್ನು ವಾಚಕರು ಎರಡು ಸಲ ಓದಬೇಕೆಂದು ನನ್ನ ಕೋರಿಕೆ. ನನ್ನ ವಿದ್ಯಾರ್ಥಿಯನ್ನು ಕೆಡಿಸಿದ್ದು ಇದರ ಅಜ್ಞಾನವೇ. ಮೊದಲ ಸಲ ವಾಯಿದೆ ತಪ್ಪಿದ ದಿನ ಅವನು ಕಾಯಿಲೆಬಿದ್ದ ತಂದೆಯನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದನು. ನಿಜವಾದ ಕಾರಣವೇ. ಆದರೆ ವಕೀಲರಿಗೆ ತಿಳಿಸಲಿಲ್ಲ. ವಾರಂಟಾಗಿದೆಯೆಂಬ ಸುದ್ದಿ ಕೇಳಿ ಎರಡನೆಯ ವಾಯಿದೆಗೆ ಹೆದರಿಕೊಂಡು ಹೋಗಲಿಲ್ಲ. ಎರಡಕ್ಕೆ ಹೋಗದವನು ಮೂರನೆಯದಕ್ಕೆ ಹೇಗೆ ಹೋದಾನು? ಆಗ ಬಸ್ ನಿಲ್ದಾಣದ ಪಂಡಿತರೊಬ್ಬರು, "ಒಂದೈದು ವರ್ಷ ಕಣ್ಣಿಗೆ ಬೀಳದ ಹಾಗೆ ಇರು, ಕೇಸು ತಾನಾಗಿ ಬಿದ್ದುಹೋಗುತ್ತದೆ" ಎಂದು ಉಪದೇಶಿಸಿದರು. ಅವನು ಬೆಂಗಳೂರು ಸೇರಿದನು. ಒಂದು ದಿನದ ಗೈರುಹಾಜರಿ ಎರಡು ವರ್ಷದ ಅಜ್ಞಾತವಾಸವಾಯಿತು. ತಂಗಿಯ ಮದುವೆಯ ದಿನ ಅವನು ಊರಿನಲ್ಲಿರಲಿಲ್ಲ. ತಂದೆ ತೀರಿಕೊಂಡಾಗ ರಾತ್ರಿಯ ಹೊತ್ತು ಬಂದು, ಮುಖ ನೋಡಿ, ಬೆಳಗಾಗುವುದರೊಳಗೆ ಹೊರಟುಹೋದನೆಂದು ತಾಯಿ ಹೇಳಿದರು. ಅವನನ್ನು ಹುಡುಕಿಕೊಂಡು ಆ ಮನೆಗೆ ಅಂದು ಯಾರೂ ಬಂದಿರಲಿಲ್ಲ. ಸೆರೆಮನೆ ಅವನನ್ನು ಹಿಡಿಯುವ ಮೊದಲೇ ಅವನು ತನ್ನದೊಂದು ಸೆರೆಮನೆಯನ್ನು ಕಟ್ಟಿಕೊಂಡಿದ್ದನು.

ಪಂಡಿತರ ಉಪದೇಶ ಶುದ್ಧ ಸುಳ್ಳು. ವಾರಂಟಿಗೆ ಮುಪ್ಪಿಲ್ಲ. ಭಾರತದ ಯಾವ ಭಾಗದಲ್ಲಾದರೂ ಅದು ಜಾರಿಯಾಗಬಲ್ಲುದು. ಆಪಾದಿತನು ಸಿಕ್ಕದಿದ್ದರೆ ಮೊಕದ್ದಮೆ ಬಿದ್ದುಹೋಗುವುದಿಲ್ಲ. ದೀರ್ಘಕಾಲ ಬಾಕಿಯಿರುವವುಗಳ ಪಟ್ಟಿಗೆ ಸೇರಿ ಕಾಯುತ್ತ ಕೂರುತ್ತದೆ. ಬೇಕೆಂದೇ ತಲೆಮರೆಸಿಕೊಂಡಿದ್ದಾನೆಂದು ನ್ಯಾಯಾಲಯಕ್ಕೆ ತೋರಿದರೆ ಉದ್ಘೋಷಣೆ ಹೊರಡುತ್ತದೆ: ಕನಿಷ್ಠ 30 ದಿನಗಳ ಅವಧಿ ಕೊಟ್ಟು, ಇಂಥ ದಿನ ಹಾಜರಾಗತಕ್ಕದ್ದೆಂದು ಅವನ ಊರಿನಲ್ಲಿ ಬಹಿರಂಗವಾಗಿ ಓದಿ, ಅವನ ಮನೆಗೂ ನ್ಯಾಯಾಲಯದ ಕಟ್ಟಡಕ್ಕೂ ಅಂಟಿಸುತ್ತಾರೆ. ಬಳಿಕ ಆಸ್ತಿ ಜಪ್ತಿಯಾಗಬಹುದು. ಜಾಮೀನಿನ ಮೇಲಿದ್ದು ಸಕಾರಣವಿಲ್ಲದೆ ಹಾಜರಾಗದಿರುವುದು ತಾನೇ ಇನ್ನೊಂದು ಅಪರಾಧ. ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಸಣ್ಣ ಮೊಕದ್ದಮೆಗೆ ಹೆದರಿ ಓಡಿದವನು ದೊಡ್ಡದನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾನೆ.

ಇದು ಬಡವರ ಮೇಲೆ ಮಾತ್ರ ಬೀಳುವ ಬಲೆಯೆಂದು ಕೆಲವರು ಹೇಳುವುದುಂಟು. ಬಡವನು ಬೇಗ ಸಿಕ್ಕಿಬೀಳುತ್ತಾನೆಂಬುದು ನಿಜ. ಆದರೆ ನಮ್ಮ ನಾಡಿನದೇ ಒಂದು ಪ್ರಸಂಗವನ್ನು ನೆನೆಯಬಹುದು. ಹುಬ್ಬಳ್ಳಿಯ ಈದ್ಗಾ ಮೈದಾನದಲ್ಲಿ 1994ರಲ್ಲಿ ನಡೆದ ಧ್ವಜಾರೋಹಣದ ವಿವಾದಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಉಮಾ ಭಾರತಿಯವರ ಮೇಲೆ ಹುಬ್ಬಳ್ಳಿಯ ನ್ಯಾಯಾಲಯ ಜಾಮೀನುರಹಿತ ವಾರಂಟು ಹೊರಡಿಸಿತ್ತು. ಆಗ ಅವರು ಮಧ್ಯಪ್ರದೇಶದ ಮುಖ್ಯಮಂತ್ರಿ. 2004ರ ಆಗಸ್ಟಿನಲ್ಲಿ ಅವರು ಆ ಪದವಿಗೆ ರಾಜೀನಾಮೆ ಕೊಟ್ಟು, ಹುಬ್ಬಳ್ಳಿಗೆ ಬಂದು ನ್ಯಾಯಾಲಯಕ್ಕೆ ಶರಣಾದರು. ಕೆಲವು ದಿನ ನ್ಯಾಯಾಂಗ ಬಂಧನದಲ್ಲಿದ್ದರು. ಆ ಮೊಕದ್ದಮೆಯ ಸರಿತಪ್ಪುಗಳು ಬೇರೆ ವಿಚಾರ. ಹತ್ತು ವರ್ಷ ಕಳೆದರೂ ಮೊಕದ್ದಮೆ ಸಾಯಲಿಲ್ಲ, ಮತ್ತೊಂದು ರಾಜ್ಯದ ಮುಖ್ಯಮಂತ್ರಿಯೂ ನಮ್ಮ ಊರೊಂದರ ನ್ಯಾಯಾಲಯದ ಕರೆಗೆ ಓಗೊಡಬೇಕಾಯಿತು ಎಂಬಷ್ಟೇ ಇಲ್ಲಿ ನಮಗೆ ಬೇಕಾದುದು.

ನೋಟೀಸಿನ ವಿಚಾರಕ್ಕೆ ಬರುತ್ತೇನೆ. ನನ್ನ ಮುಂದೆ ಎರಡು ದಾರಿಗಳಿದ್ದುವು. ಜಾಮೀನುದಾರನು ತನ್ನ ಹೊಣೆಯಿಂದ ಬಿಡುಗಡೆ ಬೇಡಿ ಯಾವಾಗ ಬೇಕಾದರೂ ಅರ್ಜಿ ಹಾಕಿಕೊಳ್ಳಬಹುದು. ಆಗ ಆಪಾದಿತನನ್ನು ಹಿಡಿದು ತರಲು ವಾರಂಟು ಹೊರಡುತ್ತದೆ, ಅವನು ಬೇರೆ ಹೊಣೆಗಾರನನ್ನು ಹುಡುಕಿಕೊಳ್ಳಬೇಕು. "ಸಕಾಲದಲ್ಲಿ ಅದನ್ನೇ ಮಾಡಿದ್ದರೆ ಈ ನೋಟೀಸು ಬರುತ್ತಿರಲಿಲ್ಲ, ಈಗಲಾದರೂ ಕೈತೊಳೆದುಕೊಳ್ಳಿ" ಎಂದರು ಹಿತೈಷಿಗಳು. ಕಾನೂನಿನ ದೃಷ್ಟಿಯಿಂದ ತಪ್ಪಿಲ್ಲ. ಮುಚ್ಚಳಿಕೆ ಮುಟ್ಟುಗೋಲಾಗಿ ದಂಡ ಕಟ್ಟದೆ, ಅದು ವಸೂಲೂ ಆಗದೆ ಹೋದರೆ ಜಾಮೀನುದಾರನಿಗೆ ಆರು ತಿಂಗಳವರೆಗೆ ಸಿವಿಲ್ ಸೆರೆಯಾಗುವ ಅವಕಾಶವೂ ಉಂಟು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂದರೆ ನಾಚಿಕೆಯಿಲ್ಲ. ಎರಡನೆಯ ದಾರಿ, ಹುಡುಗನನ್ನು ಒಪ್ಪಿಸಿ ಕರೆತರುವುದು.

ಮರುದಿನ ತಾಯಿಯಿಂದ ದೂರವಾಣಿ ಸಂಖ್ಯೆ ಪಡೆದು ಮಾತನಾಡಿದೆ. "ಸಾರ್, ಬಂದರೆ ಹಿಡಿದು ಒಳಗೆ ಹಾಕುತ್ತಾರೆ" ಎಂದನು. "ಹಾಕಬಹುದಪ್ಪ, ಹಾಕುವುದಿಲ್ಲವೆಂದು ನಾನು ಮಾತು ಕೊಡಲಾರೆ. ಆದರೆ ಹಿಡಿದು ತಂದವನನ್ನು ನೋಡುವ ಕಣ್ಣೇ ಬೇರೆ, ತಾನಾಗಿ ಬಂದವನನ್ನು ನೋಡುವ ಕಣ್ಣೇ ಬೇರೆ" ಎಂದೆ. ಅವನು ಸುಮ್ಮನಿದ್ದನು. "ಪುಣ್ಯಕೋಟಿಯ ಕಥೆ ಎರಡನೆಯ ತರಗತಿಯಲ್ಲಿಯೇ ಓದಿದ್ದೀಯಲ್ಲವೆ?" ಎಂದು ಕೇಳಿದೆ.

ನಮ್ಮ ಜನಪದದ ಆ ಕಥೆಗಿಂತ ಒಳ್ಳೆಯ ಜಾಮೀನಿನ ಪಾಠವನ್ನು ನಾನು ಕಾಣೆ. ಹಸಿದ ಹುಲಿಯ ಬಾಯಲ್ಲಿ ಸಿಕ್ಕಿದ ಹಸು, ಕರುವಿಗೆ ಹಾಲೂಡಿಸಿ ಬರುವಷ್ಟು ಬಿಡುವನ್ನು ಬೇಡುತ್ತದೆ. ಅದಕ್ಕೆ ಹೊಣೆ ನಿಲ್ಲುವವರು ಯಾರೂ ಇಲ್ಲ. ಅದರ ಮಾತೇ ಮುಚ್ಚಳಿಕೆ. ಹುಲಿ ಬಿಡುತ್ತದೆ. ದೊಡ್ಡಿಗೆ ಹೋದಮೇಲೆ, ಹೋಗಬೇಡವೆಂದು ಹೇಳುವುದಕ್ಕೆ ಕರುವಿದೆ. ಪುಣ್ಯಕೋಟಿಗೆ ಭಯವಿರಲಿಲ್ಲವೆಂದು ಕಥೆ ಹೇಳುವುದಿಲ್ಲ, ಹಿಂತಿರುಗಿತೆಂದು ಹೇಳುತ್ತದೆ. ಮಕ್ಕಳಿಗೆ ನಾವು ಈ ಕಥೆಯನ್ನು ಸತ್ಯದ ಮಹಿಮೆಗಾಗಿ ಹೇಳುತ್ತೇವೆ. ಕೋರ್ಟಿನ ಅಂಗಳದಲ್ಲಿ ನಿಂತು ನೋಡಿದರೆ ಅದರಲ್ಲಿ ಲೋಕಾನುಭವವೂ ಇದೆ: ಮರಳಿ ಬಂದುದರಿಂದಲೇ ಹಸು ಉಳಿಯಿತು.

ಅವನು ಬಂದನು. ಹೋಗುವ ಮೊದಲು ವಕೀಲರು ಮಾಡಿಸಿದ ಕೆಲಸಗಳನ್ನು ಕ್ರಮವಾಗಿ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಮೊದಲು ಮೊಕದ್ದಮೆಯ ಸಂಖ್ಯೆ, ನ್ಯಾಯಾಲಯ, ಈಗಿನ ಹಂತ, ಮುಂದಿನ ವಾಯಿದೆ ಇವುಗಳನ್ನು ಗೊತ್ತುಮಾಡಿಕೊಂಡರು. ಈಗ ಇದಕ್ಕೆ ಕಚೇರಿಯ ಗುಮಾಸ್ತರನ್ನು ಕಾಡಬೇಕಾಗಿಲ್ಲ. ಪ್ರತಿ ಮೊಕದ್ದಮೆಗೂ ಹದಿನಾರು ಅಕ್ಷರ-ಅಂಕಿಗಳ ಒಂದು ಗುರುತಿದೆ, ಅದನ್ನು ಇ-ಕೋರ್ಟ್ಸ್ ವ್ಯವಸ್ಥೆಯಲ್ಲಿ ಹಾಕಿದರೆ ಎಲ್ಲವೂ ಕಾಣುತ್ತದೆ. ಅನಂತರ ವಾರಂಟನ್ನು ಹಿಂಪಡೆಯಬೇಕೆಂದು ಕೋರುವ ಅರ್ಜಿ ಸಿದ್ಧವಾಯಿತು. ಕೋರ್ಟಿನ ಬಳಕೆಯಲ್ಲಿ ಇದು 'ರೀಕಾಲ್ ಅರ್ಜಿ'. ವಾರಂಟು ಹೊರಡಿಸಿದ ನ್ಯಾಯಾಲಯಕ್ಕೇ ಅದನ್ನು ಸಲ್ಲಿಸಬೇಕು. ಠಾಣೆಗೆ ಹೋಗಿ ಅಂಗಲಾಚಿದರೆ ಪ್ರಯೋಜನವಿಲ್ಲ, ರದ್ದುಮಾಡುವ ಅಧಿಕಾರ ಅಲ್ಲಿಲ್ಲ. ಅರ್ಜಿಯಲ್ಲಿ ಗೈರುಹಾಜರಿಯ ನಿಜವಾದ ಕಾರಣವನ್ನು ಬರೆದು, ತಂದೆಯ ಆಸ್ಪತ್ರೆಯ ಚೀಟಿಗಳನ್ನೂ ಮರಣದ ದಾಖಲೆಯನ್ನೂ ಲಗತ್ತಿಸಿದರು. "ನನಗೂ ಎರಡು ವರ್ಷ ಕಾಯಿಲೆಯಿತ್ತೆಂದು ಬರೆಯಬಹುದೆ?" ಎಂದು ಹುಡುಗ ಕೇಳಿದನು. "ಇಲ್ಲದ ಕಾಯಿಲೆಯನ್ನು ಬರೆದರೆ ಇರುವ ಕಾರಣವೂ ಸುಳ್ಳಾಗುತ್ತದೆ, ಮೊದಲ ದಿನ ತಂದೆಯ ಕಾಯಿಲೆ, ಆಮೇಲೆ ಭಯ ಎಂದು ಬರೆಯೋಣ" ಎಂದರು ವಕೀಲರು. ಆ ಮಾತು ನನಗೆ ಹಿಡಿಸಿತು.

ಅಂದು ಬೆಳಿಗ್ಗೆ ಕೋರ್ಟು ಸೇರುವ ಮುನ್ನ ಹತ್ತಿರದ ಹೋಟೆಲಿನಲ್ಲಿ ಕಾಫಿ ತೆಗೆದುಕೊಂಡೆವು. ಅವನ ಲೋಟ ಹಾಗೆಯೇ ಆರಿತು. ಹೆಸರು ಕೂಗಿದಾಗ ಅವನು ಹೋಗಿ ಕಟಕಟೆಯಲ್ಲಿ ಕೈಮುಗಿದುಕೊಂಡು ನಿಂತನು. ನ್ಯಾಯಾಧೀಶರು ಅರ್ಜಿ ಓದಿದರು, ಚೀಟಿಗಳ ತಾರೀಖು ನೋಡಿದರು. ಅನಂತರ ತಲೆಯೆತ್ತಿ, "ಒಂದು ದಿನಕ್ಕೆ ಕಾರಣವಿದೆ. ಉಳಿದ ಎರಡು ವರ್ಷಕ್ಕೆ?" ಎಂದು ಕೇಳಿದರು. ಅವನು, "ಹೆದರಿಕೊಂಡಿದ್ದೆ, ಸ್ವಾಮಿ" ಎಂದನು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ವಾರಂಟು ರದ್ದಾಯಿತು, ದಂಡ ಬಿತ್ತು, ಹೊಸ ಮುಚ್ಚಳಿಕೆ, ಹೊಸ ಜಾಮೀನು ಕೊಡಬೇಕೆಂದು ಆಜ್ಞೆಯಾಯಿತು. ನನ್ನ ನೋಟೀಸಿನ ಮಟ್ಟಿಗೆ, ಮುಟ್ಟುಗೋಲಿನ ಹಣದಲ್ಲಿ ಒಂದು ಭಾಗವನ್ನು ಕಾರಣ ಬರೆದು ಬಿಟ್ಟುಕೊಡುವ ಅಧಿಕಾರ ನ್ಯಾಯಾಲಯಕ್ಕಿದೆ. ಹೆಚ್ಚಿನ ಭಾಗವನ್ನು ಬಿಟ್ಟರು. ಉಳಿದುದನ್ನು ಹುಡುಗನೇ ಕಟ್ಟಿದನು. ಎಲ್ಲರಿಗೂ ಹೀಗೆಯೇ ಆಗುತ್ತದೆಂದು ಹೇಳಲಾರೆ. ಅಪರಾಧದ ಗುರುತ್ವ, ಹಿಂದಿನ ನಡತೆ, ತಪ್ಪಿಸಿಕೊಂಡ ಕಾಲ ಇವನ್ನೆಲ್ಲ ನೋಡಿ ನ್ಯಾಯಾಲಯ ಬಂಧನಕ್ಕೂ ಕಳುಹಿಸಬಹುದು. ಆದರೆ ಕಳೆದ ಪ್ರತಿಯೊಂದು ವಾಯಿದೆಯೂ ಆ ಸಾಧ್ಯತೆಯನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆಮಾಡುವುದಿಲ್ಲ.

ವಕೀಲರನ್ನಿಡಲು ಶಕ್ತಿಯಿಲ್ಲದವರೂ ಕೈಚೆಲ್ಲಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ ತಾಲ್ಲೂಕು ಮಟ್ಟದಲ್ಲಿಯೂ ಸಮಿತಿಗಳಿವೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಗೊತ್ತಾದ ಮಿತಿಗಿಂತ ಕಡಿಮೆ ಆದಾಯವುಳ್ಳವರು, ಇವರಿಗೆಲ್ಲ ಉಚಿತವಾಗಿ ವಕೀಲರು ದೊರೆಯುತ್ತಾರೆ. 15100 ಎಂಬ ಸಂಖ್ಯೆಗೆ ಕರೆಮಾಡಿದರೆ ದಾರಿ ತೋರಿಸುತ್ತಾರೆ. ಇನ್ನು ರೋಗ ಬೇಗೆಗಳಿಂದ ಒಂದು ದಿನ ಬರಲಾಗದಿದ್ದರೆ, ಅಂದಿನ ಹಾಜರಿಯಿಂದ ವಿನಾಯಿತಿ ಬೇಡಿ ವಕೀಲರ ಮೂಲಕ ಅರ್ಜಿ ಹಾಕಲು ಸಂಹಿತೆಯಲ್ಲಿಯೇ ಅವಕಾಶವಿದೆ. ನನ್ನ ವಿದ್ಯಾರ್ಥಿ ಆಸ್ಪತ್ರೆಯಿಂದ ವಕೀಲರಿಗೆ ಒಂದು ಕರೆ ಮಾಡಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ.

ಮಾತಿನ ಹೊಣೆ ಹಸುವಿನದಷ್ಟೇ ಅಲ್ಲ, ಹುಲಿಯದೂ ಹೌದು. ಸರ್ವೋಚ್ಚ ನ್ಯಾಯಾಲಯ 2007ರ ತೀರ್ಪೊಂದರಲ್ಲಿ, ಜಾಮೀನುರಹಿತ ವಾರಂಟು ಮನುಷ್ಯನ ಸ್ವಾತಂತ್ರ್ಯವನ್ನೇ ಕಿತ್ತುಕೊಳ್ಳುವಂಥದು, ಆದುದರಿಂದ ಸಾಮಾನ್ಯವಾಗಿ ಮೊದಲು ಸಮನ್ಸು, ಆಮೇಲೆ ಜಾಮೀನುಸಹಿತ ವಾರಂಟು, ಅವೆರಡೂ ಫಲಿಸದಿದ್ದಾಗ ಮಾತ್ರ ಇದು ಎಂಬ ವಿವೇಕವನ್ನು ಹೇಳಿತು. 2011ರಲ್ಲಿ ಅದರ ಮುಂದೆ ಬಂದ ಮತ್ತೊಂದು ಪ್ರಕರಣದಲ್ಲಿ ವಕೀಲರೊಬ್ಬರೇ, ಆಗಲೇ ರದ್ದಾಗಿದ್ದ ವಾರಂಟಿನ ಮೇಲೆ ಬಂಧನಕ್ಕೊಳಗಾಗಿದ್ದರು. ಹೊರಡಿಸಿದ, ಜಾರಿಯಾದ, ರದ್ದಾದ ವಾರಂಟುಗಳಿಗೆ ನ್ಯಾಯಾಲಯಗಳೂ ಠಾಣೆಗಳೂ ಸರಿಯಾದ ದಾಖಲೆಪುಸ್ತಕಗಳನ್ನಿಡಬೇಕೆಂದು ಆಗ ವಿಧಿಸಲಾಯಿತು. ಆದುದರಿಂದ ವಾರಂಟು ರದ್ದಾದವನು ಆಜ್ಞೆಯ ದೃಢೀಕೃತ ಪ್ರತಿಯೊಂದನ್ನು ಪಡೆದು ಹತ್ತಿರ ಇಟ್ಟುಕೊಳ್ಳುವುದೂ, ರದ್ದಾದ ಸುದ್ದಿ ಠಾಣೆಗೆ ತಲಪಿದೆಯೇ ಎಂದು ವಿಚಾರಿಸುವುದೂ ಒಳ್ಳೆಯದು. ನಾವು ಹಾಗೆಯೇ ಮಾಡಿದೆವು.

ವಾರಂಟಿನ ಭಯವನ್ನೇ ಬಂಡವಾಳ ಮಾಡಿಕೊಂಡ ಹೊಸ ಕಳ್ಳರ ವಿಚಾರವನ್ನೂ ಹೇಳಬೇಕು. ದೂರವಾಣಿಯಲ್ಲಿ ಪೋಲೀಸರ ವೇಷ ತೋರಿಸಿ, "ನಿಮ್ಮ ಮೇಲೆ ವಾರಂಟಿದೆ, ಹಣ ಕಳುಹಿಸಿದರೆ ರದ್ದುಮಾಡುತ್ತೇವೆ" ಎನ್ನುವವರು ವಿದ್ಯಾವಂತರನ್ನೂ ಸುಲಿಯುತ್ತಿದ್ದಾರೆ. 'ಡಿಜಿಟಲ್ ಬಂಧನ'ವೆಂಬುದು ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲ. ವಾರಂಟು ನಿಜವಾಗಿದ್ದರೆ ಅದಕ್ಕೊಂದು ನ್ಯಾಯಾಲಯವಿರುತ್ತದೆ, ಮೊಕದ್ದಮೆಯ ಸಂಖ್ಯೆಯಿರುತ್ತದೆ. ಅದು ರದ್ದಾಗುವುದು ತೆರೆದ ನ್ಯಾಯಾಲಯದಲ್ಲಿ, ದೂರವಾಣಿಯಲ್ಲಲ್ಲ. ಮೋಸಹೋದವರು 1930ಕ್ಕೆ ತಡಮಾಡದೆ ತಿಳಿಸಬೇಕು.

ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯ ಬಳಿ ಒಂದು ಗರುಡಗಂಬವಿದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಕುವರ ಲಕ್ಷ್ಮನು, ದೊರೆಗೆ ಕೊಟ್ಟ ಮಾತಿನಂತೆ ಅವನೊಡನೆಯೇ ಪ್ರಾಣ ನೀಗಿದುದನ್ನು ಅದರ ಮೇಲಿನ ಕನ್ನಡ ಶಾಸನ ಹೇಳುತ್ತದೆ. ಅಂಥ ವ್ರತಕ್ಕೆ ವೇಳೆವಾಳಿಯೆಂದು ಹೆಸರು. ಪ್ರತಿವರ್ಷವೂ ವಿದ್ಯಾರ್ಥಿಗಳನ್ನು ಆ ಕಂಬದ ಮುಂದೆ ನಿಲ್ಲಿಸಿ ಪಾಠ ಹೇಳುತ್ತೇನೆ. ಈ ಸಲ ಹೇಳುವಾಗ ಒಂದು ಮಾತನ್ನು ಸೇರಿಸಿದೆ: ಮಾತಿಗೆ ತಲೆಯನ್ನು ಒತ್ತೆಯಿಡುತ್ತಿದ್ದ ಕಾಲ ಹೋಯಿತು, ಹೋದುದು ಒಳ್ಳೆಯದೇ ಆಯಿತು. ಈಗಿನ ರಾಜ್ಯ ನಮ್ಮಿಂದ ಕೇಳುವುದು ತಲೆಯನ್ನಲ್ಲ. ಹೆಸರು ಕೂಗಿದಾಗ 'ಬಂದಿದ್ದೇನೆ' ಎಂಬ ಒಂದು ಮಾತನ್ನು.

ಮೊಕದ್ದಮೆ ಇನ್ನೂ ನಡೆಯುತ್ತಿದೆ; ತೀರ್ಪು ಏನಾಗುವುದೋ ತಿಳಿಯದು. ಹೊಸ ಮುಚ್ಚಳಿಕೆಗೂ ನಾನೇ ಸಹಿ ಹಾಕಿದೆ, ಈ ಸಲ ಮೊದಲಿನಿಂದ ಕೊನೆಯವರೆಗೆ ಓದಿ. ಪ್ರತಿ ವಾಯಿದೆಯ ಹಿಂದಿನ ಸಂಜೆ ಅವನು ಕರೆಮಾಡಿ, "ಸಾರ್, ನಾಳೆ ಹೋಗುತ್ತಿದ್ದೇನೆ" ಎನ್ನುತ್ತಾನೆ. ಈಚೆಗೆ ಅವನ ತಂದೆಯ ವರ್ಷದ ಕಾರ್ಯಕ್ಕೆ ನನ್ನನ್ನೂ ಕರೆದಿದ್ದರು. ಬಂಧುಬಳಗವೆಲ್ಲ ಸೇರಿತ್ತು. ನಡುಹಗಲಿನ ಹೊತ್ತು, ಮನೆಯ ಮುಂಬಾಗಿಲು ತೆರೆದಿತ್ತು. ಮಗನು ಜಗಲಿಯ ಮೇಲೆ ನಿಂತು ಬಂದವರನ್ನೆಲ್ಲ ಎದುರುಗೊಳ್ಳುತ್ತಿದ್ದನು.